ಅಳತೆವಹಿಯ ಬಲಪುಟ

ಬಾಗಲಕೋಟೆಯಲ್ಲಿ ನಮ್ಮ ಕಾಕಾ ಅವರನ್ನು ಜನ ‘ಇಂಜಿನಿಯರ್ ಸಾಹೇಬರು’ ಎಂದೇ ಕರೆಯುತ್ತಿದ್ದರು. ಅವರು ಇಂಜಿನಿಯರ್ ಆಗಿರಲಿಲ್ಲ. ಮುಂಬಯಿಯ ಸರ್ ಜೆ.ಜೆ. ಸಂಸ್ಥೆಯಲ್ಲಿ ವಾಸ್ತುಶಿಲ್ಪ ಕಲಿತು, ಜಿ.ಡಿ. ಆರ್ಚ್ ಡಿಪ್ಲೊಮಾ ಪಡೆದು ಊರಿಗೆ ಮರಳಿದ ಆರ್ಕಿಟೆಕ್ಟ್ ಅವರು. ಮೊದಮೊದಲು ‘ನಾ ಇಂಜಿನಿಯರ್ ಅಲ್ಲರೀ, ಆರ್ಕಿಟೆಕ್ಟ್’ ಎಂದು ತಿದ್ದುತ್ತಿದ್ದರಂತೆ. ‘ಹಂಗಂದ್ರ ಏನ್ರಿ?’ ಎಂದು ಕೇಳಿದವರಿಗೆ ‘ಮನಿ ಹೆಂಗಿರಬೇಕಂತ ಹೇಳಾಂವ’ ಎಂದರೆ, ‘ಅದನ್ನ ನಮ್ಮ ಗೌಂಡಿನೂ ಹೇಳ್ತಾನಲ್ರೀ’ ಎಂಬ ಮಾತು ಬರುತ್ತಿತ್ತು. ಐದಾರು ವರ್ಷಗಳಲ್ಲಿ ತಿದ್ದುವುದನ್ನು ಬಿಟ್ಟರು. ಅವರು ಚಿತ್ರ ಬರೆಯುತ್ತಾರೆಂಬುದು ಓಣಿಯವರಿಗೆ ಗೊತ್ತಿತ್ತು, ಆದರೆ ಅದನ್ನು ಯಾರೂ ಕಸುಬಿನ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಂಜೆಯ ಹೊತ್ತು ಕೆಲವರು ಇಸ್ಪೀಟು ಆಡುತ್ತಾರೆ, ಸಾಹೇಬರು ಬಣ್ಣ ಆಡುತ್ತಾರೆ, ಅಷ್ಟೆ.

ಅವರು ತೀರಿಕೊಂಡು ನಾಲ್ಕು ವರ್ಷಗಳಾದವು. ಈ ಬೇಸಿಗೆಯಲ್ಲಿ ನವನಗರದ ಅವರ ಮನೆಯಿಂದ ಹನ್ನೊಂದು ಅಳತೆವಹಿಗಳನ್ನು ಬೆಳಗಾವಿಗೆ ತಂದುಕೊಂಡು, ದಿನಕ್ಕೆ ಇಷ್ಟು ಪುಟವೆಂದು ಸ್ಕ್ಯಾನ್ ಮಾಡುತ್ತಿದ್ದೇನೆ. ನಾನೂ ಅವರ ಕಸುಬಿನವಳೇ ಆದ್ದರಿಂದ, ಅವರ ಕಟ್ಟಡಗಳನ್ನೂ ಚಿತ್ರಗಳನ್ನೂ ಎದುರುಬದುರು ಇಟ್ಟು ನೋಡುವ ಕೆಲಸ ಮನೆಯವರಲ್ಲಿ ನನ್ನ ಪಾಲಿಗೇ ಬಂದಿದೆ. ನೋಡಿದ ಮೇಲೆ ನನಗೆ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ: ಕಾಕಾ ಕಟ್ಟಿಸಿದ್ದರಲ್ಲಿ ಬಹುಪಾಲು ಸಾಧಾರಣ, ಬರೆದದ್ದರಲ್ಲಿ ಬಹುಪಾಲು ಅಸಾಧಾರಣ. ಇದು ಅವರಿಗೂ ತಿಳಿದಿತ್ತು. ಮನೆಯ ಬಗ್ಗೆ ಅವರಿಗೆ ಗೊತ್ತಿದ್ದುದೆಲ್ಲ ಕುಂಚದ ಮೂಲಕ ಗೊತ್ತಾದದ್ದು, ಆದರೆ ಅದನ್ನು ನಕಾಶೆಗೆ ಇಳಿಸುವ ಅವಕಾಶ ಅವರಿಗೆ ಸಿಕ್ಕಿದ್ದು ಎರಡೋ ಮೂರೋ ಬಾರಿ.

ಅವರ ಬಾಲ್ಯದಲ್ಲಿ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮುಂಬಯಿ ಸರಕಾರ ನಡೆಸುತ್ತಿದ್ದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿಗೆ ನಮ್ಮ ಕಡೆಯ ಶಾಲೆಗಳಲ್ಲಿ ಬಲು ಗೌರವವಿತ್ತು. ಆ ಎರಡನ್ನೂ ಪಾಸು ಮಾಡಿದ ಹುಡುಗನನ್ನು ಡ್ರಾಯಿಂಗ್ ಮಾಸ್ತರನ್ನಾಗಿ ಮಾಡುವುದೆಂದು ಮನೆಯವರು ನಿಶ್ಚಯಿಸಿದ್ದರು. ಅವರು ಮಾತ್ರ ಗದಗ–ಹೊಟಗಿ ಮೀಟರ್ ಗೇಜ್ ಗಾಡಿ ಹತ್ತಿ, ಸೊಲ್ಲಾಪುರದ ಮೇಲೆ ಹಾಯ್ದು ಮುಂಬಯಿ ಸೇರಿದರು. 1857ರಲ್ಲಿ ಆರಂಭವಾದ ಜೆ.ಜೆ.ಯಲ್ಲಿ ಚಿತ್ರಕಲೆಯವರೂ ವಾಸ್ತುಶಿಲ್ಪದವರೂ ಒಂದೇ ಆವಾರದಲ್ಲಿ ಓಡಾಡುತ್ತಿದ್ದರು; ಹೆಸರು ಹಚ್ಚಿದ್ದು ಒಂದು ಕಡೆ, ಕಣ್ಣು ಇನ್ನೊಂದು ಕಡೆ ಎಂದು ಕಾಕಾ ನಗುತ್ತಿದ್ದರು. 1956ರ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವರಿನ್ನೂ ಅಲ್ಲಿಯ ವಿದ್ಯಾರ್ಥಿ. ಊರಿನಿಂದ ಹೊರಟಾಗ ಮುಂಬಯಿ ರಾಜ್ಯದ ಹುಡುಗ, ರಜೆಗೆ ಬಂದಾಗ ಮೈಸೂರು ರಾಜ್ಯದ ಹುಡುಗ.

ಆ ಕಾಲದ ವಾಸ್ತುಶಿಲ್ಪದ ಓದಿನಲ್ಲಿ ಸೈಯಾಗ್ರಫಿ ಎಂಬ ವಿಷಯವಿತ್ತು. ಕಟ್ಟಡದ ಮುಖಚಿತ್ರದ ಮೇಲೆ ನೆರಳು ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು ರೇಖಾಗಣಿತದಿಂದ ಕಂಡುಹಿಡಿದು, ತೆಳುವಾದ ಮಸಿಯನ್ನು ಪದರಪದರವಾಗಿ ಬಳಿಯುವ ವಿದ್ಯೆ ಅದು. ಅದರಲ್ಲಿ ಸೂರ್ಯ ಯಾವಾಗಲೂ ಎಡಭುಜದ ಮೇಲಿನಿಂದ, 45 ಡಿಗ್ರಿ ಕೋನದಲ್ಲಿ ಬರುತ್ತಾನೆ. ಸಜ್ಜಾ ಎಷ್ಟು ಮುಂದೆ ಚಾಚಿದೆಯೋ ನೆರಳು ಅಷ್ಟೇ ಕೆಳಗೆ ಇಳಿಯುತ್ತದೆ. ಅಳೆಯಲು ಅನುಕೂಲ, ನೋಡಲು ಚೆಂದ. ಕಾಕಾ ಆ ವಿಷಯದಲ್ಲಿ ಕ್ಲಾಸಿಗೆ ಮೊದಲಿಗರು. ಬೇಸಿಗೆ ರಜೆಯಲ್ಲಿ ಊರಿಗೆ ಬಂದು, ನಮ್ಮ ಮನೆಯೆದುರಿನ ಕಟ್ಟೆಯ ಮೇಲೆ ಕೂತು ಎದುರು ಮನೆಯನ್ನು ಬರೆಯಹೋದಾಗ, ಜೆ.ಜೆ.ಯ ಸೂರ್ಯ ಬಾಗಲಕೋಟೆಗೆ ಬರುವುದೇ ಇಲ್ಲವೆಂಬುದು ಅವರಿಗೆ ತಿಳಿಯಿತು.

ಬಾಗಲಕೋಟೆ 16 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ತುಸು ಮೇಲಿದೆ. ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಮೊದಲರ್ಧದಲ್ಲಿ ಇನ್ನೊಮ್ಮೆ ಸೂರ್ಯ ಇಲ್ಲಿ ನಟ್ಟನಡು ನೆತ್ತಿಗೆ ಬರುತ್ತಾನೆ. ಆ ಎರಡರ ನಡುವಿನ ಮೂರು ತಿಂಗಳು ಮಧ್ಯಾಹ್ನದ ಬಿಸಿಲು ಬೀಳುವುದು ಉತ್ತರದ ಗೋಡೆಗೆ. ದಕ್ಷಿಣದ ಗೋಡೆಗೆ ಸಜ್ಜಾ ಹಾಕಿ ಉತ್ತರವನ್ನು ಬೋಳು ಬಿಡುವುದು ಪುಸ್ತಕದಲ್ಲಿ ಸರಿ, ನಮ್ಮೂರಿನ ಮೇ ತಿಂಗಳಲ್ಲಿ ತಪ್ಪು. ಕಾಕಾ ಇದನ್ನು ಲೆಕ್ಕ ಹಾಕಿ ಕಂಡುಕೊಂಡವರಲ್ಲ, ನೆರಳಿಗೆ ಯಾವ ನೀಲಿ ಹಾಕಬೇಕೆಂದು ಹುಡುಕುತ್ತ ಕಂಡುಕೊಂಡವರು. ಮುಂದೆ ಅವರು ಬರೆದ ಪ್ರತಿ ಮನೆಯ ನಕಾಶೆಯಲ್ಲೂ ಉತ್ತರದ ಕಿಟಕಿಗಳಿಗೆ ಸಜ್ಜಾ ಇದೆ. ಕಟ್ಟಿದ ಮನೆಗಳಿಗೆ ಹೋಗಿ ನೋಡಿದರೆ ಅರ್ಧಕ್ಕರ್ಧ ಕಡೆ ಇಲ್ಲ. ಸಲಾಕಿ, ಸಿಮೆಂಟು ಉಳಿಯುತ್ತದೆಂದು ಮನೆಯವರೋ ಗೌಂಡಿಯೋ ಕಡಿತ ಮಾಡಿದ್ದಾರೆ.

ಮುಂಬಯಿಯಲ್ಲಿ ಮೂರು ವರ್ಷ ಒಬ್ಬರ ಕಚೇರಿಯಲ್ಲಿ ದುಡಿದು, ಅಜ್ಜನ ಕಾಯಿಲೆಯ ಕಾರಣ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಮನೆಯ ಮುಂದಿನ ಕೋಲಿಯೇ ಕಚೇರಿ. ಒಂದು ಡ್ರಾಯಿಂಗ್ ಬೋರ್ಡು, ಟೀ-ಸ್ಕ್ವೇರ್, ಅಮೋನಿಯಾ ಪ್ರಿಂಟು ತೆಗೆಯುವ ಕಟ್ಟಿಗೆಯ ಪೆಟ್ಟಿಗೆ. ಆ ಅಮೋನಿಯಾದ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿದ್ದುದರಿಂದ ಮಕ್ಕಳಾದ ನಾವು ಅತ್ತ ಸುಳಿಯುತ್ತಿರಲಿಲ್ಲ; ಅವರಿಗೂ ಅದೇ ಬೇಕಾಗಿತ್ತೆಂದು ಈಗ ಅನ್ನಿಸುತ್ತದೆ. ಸೊಸೈಟಿಯ ಗೋದಾಮು, ಶಾಲೆಯ ಕೋಣೆಗಳು, ಕಲ್ಯಾಣ ಮಂಟಪ, ಪರವಾನಿಗೆಗಾಗಿ ಪುರಸಭೆಗೆ ಕೊಡುವ ನೂರಾರು ಮನೆ ನಕಾಶೆಗಳು. ಈ ಭಾಗವನ್ನು ಹೆಚ್ಚು ಬೆಳೆಸುವುದರಲ್ಲಿ ಅರ್ಥವಿಲ್ಲ. ಜಿಲ್ಲಾ ಊರುಗಳಲ್ಲಿ ಈ ಕಸುಬು ಮಾಡುವವರೆಲ್ಲರ ಕಥೆ ಇದೇ. ಜನರಿಗೆ ಆರ್.ಸಿ.ಸಿ. ಬೇಕಾಗಿತ್ತು, ಮಣ್ಣಿನ ಮಾಳಿಗೆ ಬಡತನದ ಗುರುತಾಗಿತ್ತು. ನಾಲ್ಕೂವರೆ ಇಂಚಿನ ಸ್ಲ್ಯಾಬಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಮಲಗಿದವರಿಗೆ ಅದರ ಸುಖ ಗೊತ್ತು. ಕಾಕಾ ಅಂಥ ಸ್ಲ್ಯಾಬುಗಳನ್ನು ಹಾಕಿಸಿ ಸಂಸಾರ ನಡೆಸಿದರು, ಸಂಜೆ ಹೋಗಿ ಮಣ್ಣಿನ ಮಾಳಿಗೆಗಳನ್ನು ಬರೆದರು.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ವಿಜಾಪುರಕ್ಕೆ ಕರೆದೊಯ್ದಿದ್ದರು. ಗೋಲಗುಮ್ಮಟದಲ್ಲಿ ಎಲ್ಲರಂತೆ ಮೇಲೆ ಹತ್ತಿ ಕೂಗಿದ್ದಾಯಿತು. ಇಳಿದು ಬಂದ ಮೇಲೆ, ಒಂದೂ ಕಂಬವಿಲ್ಲದೆ 44 ಮೀಟರ್ ಅಗಲದ ಗುಮ್ಮಟ ಹೇಗೆ ನಿಂತಿದೆ ಎಂಬುದನ್ನು ಹೊರಗಿನ ಧೂಳಿನಲ್ಲಿ ಕಡ್ಡಿಯಿಂದ ಗೀರಿ ತೋರಿಸಿದರು: ಒಂದು ಚೌಕ, ಅದರ ಮೇಲೆ ಓರೆಯಾಗಿ ಇನ್ನೊಂದು ಚೌಕ, ಆ ಗೆರೆಗಳ ಗುಂಟ ಏಳುವ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತ ಒಳಗೆ ಬಾಗಿ, ಚೌಕದ ಕೋಣೆಯನ್ನು ಮೇಲೆ ಹೋಗುವಷ್ಟರಲ್ಲಿ ದುಂಡಗೆ ಮಾಡುತ್ತವೆ. ಆದರೆ ಅವತ್ತು ಅವರು ನಿಜವಾಗಿ ತೋರಿಸಬೇಕೆಂದಿದ್ದುದು ಗುಮ್ಮಟವನ್ನಲ್ಲ, ಜಾಮಿಯಾ ಮಸೀದಿಯಲ್ಲಿ ಪ್ರಾರ್ಥನೆಯ ದಿಕ್ಕು ತೋರುವ ಕಮಾನನ್ನು, ಮಿಹ್ರಾಬನ್ನು. ಚಿನ್ನದ ಲೇಪ, ನೀಲಿ, ಕೆಂಪು. ಗೋಡೆಯಲ್ಲಿ ಗೂಡುಗಳಿದ್ದು ಅವುಗಳಲ್ಲಿ ಪುಸ್ತಕಗಳನ್ನೂ ಹೂದಾನಿಗಳನ್ನೂ ಇಟ್ಟಂತೆ ಕಾಣುತ್ತದೆ. ‘ಕೈ ಹಾಕಿದ್ರ ಸಿಗಂಗಿಲ್ಲ ಮಗಳ. ಗೋಡೆ ಚಪ್ಪಟೆ ಐತಿ, ಗೂಡು ಬರೇ ಬಣ್ಣದಾಗೈತಿ’ ಎಂದರು. ಆ ಅಲಂಕಾರವನ್ನು ಮಾಡಿದವನು ಮುಹಮ್ಮದ್ ಆದಿಲ್ ಶಾಹನ ಸೇವಕ ದಾಭೋಳದ ಯಾಕೂತನೆಂದು ಅಲ್ಲಿಯ ಬರಹ ಹೇಳುತ್ತದೆ. ಹಿಜರಿ 1045, ಅಂದರೆ 1635–36. ಗೋಲಗುಮ್ಮಟದ ಶಿಲ್ಪಿಯೆಂದು ಹೇಳುವಾಗಲೂ ಇದೇ ಯಾಕೂತನ ಹೆಸರು ಬರುತ್ತದೆ. ಅಷ್ಟು ದೊಡ್ಡ ಗುಮ್ಮಟದೊಂದಿಗೆ ಹೆಸರು ಕೂಡಿಕೊಂಡವನು ಇಲ್ಲಿ ಅಂಗೈಯಗಲದ ಹೂದಾನಿಗೆ ನೆರಳು ಹಾಕುತ್ತ ಕೂತಿದ್ದನೆಂಬುದು ಕಾಕಾ ಅವರಿಗೆ ಬಲು ಹಿಡಿಸಿದ್ದ ಸಂಗತಿ. ತಮ್ಮ ಎರಡು ಕಸುಬಿಗೆ ಅವರು ಹುಡುಕಿಕೊಂಡ ಹಿರೀಕ ಅವನೇ ಎಂದು ಕಾಣುತ್ತದೆ.

ಅವರ ಸಮಕಾಲೀನರಲ್ಲಿ ಬೆಳಗಾವಿಯ ಕೆ.ಬಿ. ಕುಲಕರ್ಣಿಯವರ ನಿಸರ್ಗಚಿತ್ರಗಳ ಮೇಲೆ ಅವರಿಗೆ ಅಪಾರ ಗೌರವ. ಕುಲಕರ್ಣಿಯವರ ಶಿಷ್ಯರಾದ ರವಿ ಪರಾಂಜಪೆಯವರು ಕಟ್ಟಡಗಳ ಪರ್ಸ್‌ಪೆಕ್ಟಿವ್ ಚಿತ್ರಗಳಿಗೆ ದೊಡ್ಡ ಹೆಸರು ಮಾಡಿದವರು; ಅವರ ಒಂದು ಮುದ್ರಿತ ಚಿತ್ರವನ್ನು ಕಾಕಾ ತಮ್ಮ ಬೋರ್ಡಿನ ಮೇಲಿನ ಗೋಡೆಗೆ ಪಿನ್ನು ಹಚ್ಚಿ ಇಟ್ಟುಕೊಂಡಿದ್ದರು. ಸ್ವತಃ ಪ್ರದರ್ಶನ ಮಾಡಲು ಮಾತ್ರ ಎಂದೂ ಮನಸ್ಸು ಮಾಡಲಿಲ್ಲ.

ಅಷ್ಟರಲ್ಲಿ ಮುಳುಗಡೆ ಬಂತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು 1964ರಲ್ಲೇ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಿದ್ದರು. ನಮ್ಮೂರಿನ ಹೊಳೆ ಘಟಪ್ರಭೆ. ಅದು ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರುವುದರಿಂದ, ಅಲ್ಲಿ ನೀರು ನಿಂತರೆ ಹಿನ್ನೀರು ಇಲ್ಲಿಯವರೆಗೆ ಒತ್ತುತ್ತದೆ. ‘ಬರ್ತದ ಬರ್ತದ’ ಎನ್ನುತ್ತಲೇ ಒಂದು ತಲೆಮಾರು ಮುದಿಯಾಯಿತು. ಹೇಗೂ ಹೋಗುವ ಮನೆಯೆಂದು ಯಾರೂ ಸುಣ್ಣ ಬಳಿಸಲಿಲ್ಲ, ಮಾಳಿಗೆಗೆ ಮಣ್ಣು ಏರಿಸಲಿಲ್ಲ. ನೀರು ಬರುವ ಮೊದಲೇ ಮನೆಗಳು ಸೋತಿದ್ದವು. ಕೊನೆಗೆ ಜಲಾಶಯದ ಮಟ್ಟ 519.60 ಮೀಟರ್ ಎಂದು ನಿಂತಾಗ ನಮ್ಮ ಹೊಳೆಕಡೆಯ ಓಣಿ ಅದರೊಳಗಿತ್ತು.

ಮನೆಗಳಿಗೆ ಸರಕಾರ ಕಟ್ಟಿದ ಬೆಲೆ ಸಾಲದೆನಿಸಿದವರು 1894ರ ಭೂಸ್ವಾಧೀನ ಕಾಯ್ದೆಯ 18ನೆಯ ಕಲಮಿನಡಿ ಕೋರ್ಟಿಗೆ ಹೋಗಬಹುದಿತ್ತು. ಹೋಗುವವರಿಗೆ ಮನೆಯ ಅಳತೆ, ನಕಾಶೆ, ಬೆಲೆಪಟ್ಟಿ ಬೇಕು. ಆ ಕೆಲಸ ಕಾಕಾ ಅವರ ಪಾಲಿಗೆ ಬಂತು. ಎಷ್ಟೋ ಮನೆಗಳಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಅವರ ಹೆಂಡತಿ, ನಮ್ಮ ಕಾಕುಗೆ ಆ ವಿಷಯದಲ್ಲಿ ಕೊನೆಯವರೆಗೂ ಸಿಟ್ಟಿತ್ತು, ಮತ್ತು ಅದು ಸಕಾರಣವಾದ ಸಿಟ್ಟೆಂದೇ ನನ್ನ ಎಣಿಕೆ. ಹನ್ನೊಂದು ವಹಿಗಳು ತುಂಬಿದ್ದು ಈ ವರ್ಷಗಳಲ್ಲಿ.

ವಹಿಯ ಎಡಪುಟದಲ್ಲಿ ಅಳತೆ. ಗೋಡೆಯ ದಪ್ಪ 2 ಅಡಿ 9 ಇಂಚು, ಪಡಸಾಲಿ 22 ಅಡಿಗೆ 11, ಕಂಬ ಆರು, ತೊಲೆ, ಬೋದಿಗೆ, ಜಂತಿಗಳ ಎಣಿಕೆ, ಹಗೇವು ಒಂದು, ಹರನಾಳಿಗೆ ಎರಡು, ಕುಂಬಿಯ ಎತ್ತರ. ಜಂತಿಯ ಮೇಲೆ ಕಟ್ಟಿಗೆಯ ಸೀಳು, ಅದರ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮೊಳದಷ್ಟು ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಸವಳು ಮಣ್ಣು ಎಂದು ಪದರಗಳನ್ನು ಕೊಯ್ದು ತೋರಿಸಿದ ಪುಟ್ಟ ಚಿತ್ರ. ಎಲ್ಲ ಗೆರೆಗಳೂ ನೆಟ್ಟಗೆ, ಎಲ್ಲ ಮೂಲೆಗಳೂ ಕಾಟಕೋನ; ಕೋರ್ಟಿಗೆ ಬೇಕಾದದ್ದು ಅದೇ.

ಬಲಪುಟದಲ್ಲಿ ಅದೇ ಮನೆಯ ಜಲವರ್ಣ. ಅಲ್ಲಿ ಗೋಡೆ ಹೊಟ್ಟೆ ಬಿಟ್ಟಿದೆ, ತೊಲೆ ನಡುವೆ ಜಗ್ಗಿದೆ. ಒಂದು ಓಣಿಯ ಚಿತ್ರದಲ್ಲಿ ಗೋಡೆಯ ಮೇಲೆ ಎಂಟಡಿ ಎತ್ತರದವರೆಗೆ ನಸುಗೆಂಪು ಕಲೆಗಳಿವೆ. ಹೋಳಿಯಲ್ಲಿ ಬಣ್ಣದ ಬ್ಯಾರಲ್ಲು ಹೊತ್ತ ಗಾಡಿಗಳು ಹಲಗೆಯ ಸಪ್ಪಳದೊಂದಿಗೆ ಸಾಗುವಾಗ ಎರಚಿದ್ದು. ಬಾಗಲಕೋಟೆಯ ಹೋಳಿ ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಕಾಕಾ ಕಪ್ಪು ಬಣ್ಣವನ್ನು ಮುಟ್ಟುತ್ತಿರಲಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿ ನೆರಳು ಮಾಡುತ್ತಿದ್ದರು. ಬಿಸಿಲಿಗೆ ಬಣ್ಣವೇ ಇಲ್ಲ, ಅದು ಮುಟ್ಟದೆ ಬಿಟ್ಟ ಕಾಗದ.

ಏಳನೆಯ ವಹಿಯ ಒಂದು ಪುಟವನ್ನು ನಾನು ಮತ್ತೆ ಮತ್ತೆ ತೆರೆದಿದ್ದೇನೆ. ಪಡಸಾಲಿಯ ಒಳನೋಟ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿದು ಫರಸಿ ನೆಲದ ಮೇಲೆ ತಟ್ಟೆಯಷ್ಟು ಬೆಳಕಾಗಿ ನಿಂತಿದೆ, ಉಳಿದದ್ದೆಲ್ಲ ನೀಲಿ-ಕಂದು ಮಬ್ಬು. ಮೂಲೆಯಲ್ಲಿ ಪೆನ್ಸಿಲಿನಲ್ಲಿ ‘ಮೇ 6, 12-25’ ಎಂದಿದೆ. ಬೆಳಕಿನ ತಟ್ಟೆ ಕಿಂಡಿಯ ನೇರ ಕೆಳಗೆ ಬಿದ್ದಿರುವುದನ್ನು ಕಂಡು ಮೊದಲು ಅದನ್ನು ಚಿತ್ರಕಾರನ ಸ್ವಾತಂತ್ರ್ಯ ಎಂದುಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿದೆ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಬಾಗಲಕೋಟೆ ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿ ನಡುಮಧ್ಯಾಹ್ನವಾಗುವುದು ಹನ್ನೆರಡಕ್ಕಲ್ಲ, ಮೇ ತಿಂಗಳಲ್ಲಿ ಹನ್ನೆರಡು ಇಪ್ಪತ್ತೈದರ ಆಸುಪಾಸಿಗೆ. ಅಂದರೆ ಸೂರ್ಯ ನೆತ್ತಿಗೆ ಬರುವ ದಿನವನ್ನೂ ಗಳಿಗೆಯನ್ನೂ ಕಾಯ್ದು, ಆ ಕೆಲವೇ ನಿಮಿಷಗಳಲ್ಲಿ ಅವರು ಆ ಬೆಳಕನ್ನು ಕಾಗದದ ಮೇಲೆ ಬಿಟ್ಟುಕೊಂಡಿದ್ದರು. ಆ ಚಿತ್ರದಲ್ಲಿ ನನಗೆ ಕಂಡ ಒಂದೇ ಊನವೆಂದರೆ ಎಡಗೋಡೆಯ ಮೇಲೆ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ಬಿದ್ದ ಒಂದು ಕರಿಗಂದು ಮಚ್ಚೆ. ಕುಂಚ ಜಾರಿ ಬಿದ್ದ ಹನಿ ಎಂದು ತಿಳಿದು, ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ಅದನ್ನು ಅಳಿಸಿ ಹಾಕಿದೆ.

ಆ ಬೆಳಕಿಂಡಿಯನ್ನು ಕಾಕಾ ಒಮ್ಮೆ ಕಟ್ಟಿಯೂ ನೋಡಿದರು. ಮುಳುಗಡೆಯವರಿಗಾಗಿ ಕಟ್ಟಿದ ನವನಗರದ ಯೋಜನೆಗೆ ಹೆಸರಾಂತ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಅವರ ಕೈ ಹತ್ತಿತ್ತು. ಬಿಸಿಲ ನಾಡಿನ ಮನೆಗೆ ಆಕಾಶ ಕಾಣುವ ಅಂಗಳವೂ ಒಂದು ಕೋಣೆಯೇ ಎಂಬುದು ಕೊರಿಯಾ ಅವರು ಜೀವಮಾನವಿಡೀ ಹಿಡಿದ ಮಾತು. ಕಾಕಾ ಅದನ್ನು ನೆಚ್ಚಿಕೊಂಡು, ಸೆಕ್ಟರಿನಲ್ಲಿ ತಮಗೆ ಬಂದ ನಿವೇಶನದಲ್ಲಿ ತಮ್ಮ ಅರವತ್ತರ ನಂತರ ಮನೆ ಕಟ್ಟಿದರು. ಜಾಗ ಸಣ್ಣದು, ಅಂಗಳಕ್ಕೆ ಎಡೆಯಿಲ್ಲ. ಆದ್ದರಿಂದ ನಡುಮನೆಯ ಸ್ಲ್ಯಾಬಿನಲ್ಲಿ ಹಳೆಯ ಅಳತೆಯದೇ ಒಂದು ಕಿಂಡಿ ಬಿಟ್ಟು ಮೇಲೆ ಗಾಜು ಕೂರಿಸಿದರು. ಮಣ್ಣಿನ ಮಾಳಿಗೆಯಲ್ಲಿ ಕಿಂಡಿಯ ಸುತ್ತ ಮಣ್ಣನ್ನು ಏರಿಸಿ ನೀರನ್ನು ಹೊರಳಿಸುತ್ತಾರೆ. ಸ್ಲ್ಯಾಬಿನಲ್ಲಿ ಆ ಏರಿಗೆ ಎರಡೇ ಇಂಚು ಬಿಟ್ಟಿದ್ದರು. ಮೊದಲ ದೊಡ್ಡ ಮಳೆಗೆ ಸೋರಿತು, ಆಮೇಲೆ ಪ್ರತಿ ವರ್ಷ ಸೋರಿತು. ಮೂವತ್ತು ವರ್ಷ ಬೇರೆಯವರ ಮಾಳಿಗೆ ಸೋರಿದಾಗ ಗೌಂಡಿಯನ್ನು ಬೈದವರು, ಇಲ್ಲಿ ಯಾರನ್ನೂ ಬೈಯುವಂತಿರಲಿಲ್ಲ. ಕಾಕು ಒಂದು ಬುಟ್ಟಿ ತಂದು ಕೆಳಗಿಟ್ಟರೆ, ಅವರು ಆ ಬುಟ್ಟಿಯನ್ನೂ ಬರೆದರು. ಆ ಚಿತ್ರ ಚೆನ್ನಾಗಿಯೇ ಇದೆ. ಮನೆ ಮಾತ್ರ ಬೇಸಿಗೆಯಲ್ಲೂ ತಂಪೆಂಬುದನ್ನು ನಾನು ಅಲ್ಲಿ ಕಳೆದ ರಜೆಗಳ ಆಧಾರದ ಮೇಲೆ ಹೇಳಬಲ್ಲೆ.

ಕಳೆದ ತಿಂಗಳು, ಸ್ಕ್ಯಾನ್ ಮಾಡಿದ ಕೆಲವು ಪುಟಗಳ ದೊಡ್ಡ ಪ್ರಿಂಟುಗಳನ್ನು ಕಾಕು ಅವರಿಗೆ ತೋರಿಸಲು ನವನಗರಕ್ಕೆ ಒಯ್ದಿದ್ದೆ. ಪಕ್ಕದ ಸೆಕ್ಟರಿನಿಂದ ಹಳೆಯ ಓಣಿಯ ಅಜ್ಜಿಯೊಬ್ಬರು ಬಂದು ಕೂತಿದ್ದರು. ಆ ಬೆಳಕಿಂಡಿಯ ಮನೆ ಅವರದೇ. ಪ್ರಿಂಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಕಂಬ ಎಣಿಸಿದರು, ಗೂಡು ನೋಡಿದರು, ಬೆಳಕಿನ ತಟ್ಟೆಯ ಮೇಲೆ ಬೆರಳಿಟ್ಟು ‘ಇಲ್ಲಿಗೆ ಬಿಸಲ ಬಂದ್ರ ರೊಟ್ಟಿ ಬಡಿಯೂದು ಮುಗೀಬೇಕಿತ್ತು’ ಎಂದರು. ಆಮೇಲೆ ಎಡಗೋಡೆಯ ಮೇಲೆ ಬೆರಳು ಆಡಿಸಿ, ಅಲ್ಲೇ ನಿಲ್ಲಿಸಿದರು.

‘ಇಲ್ಲೊಂದು ಕಲಿ ಇತ್ತಲ್ಲವಾ. ನಮ್ಮತ್ತಿ ಗ್ವಾಡಿಗೆ ತಲಿ ಆನಿಸಿ ಕೂಡತಿದ್ರು, ಎಣ್ಣಿ ಹತ್ತಿ ಕರ್ರಗಾಗಿತ್ತು. ಸಾಹೇಬ್ರು ಅದನ್ನ ಬರದಿಲ್ಲೇನು?’

ಬರೆದಿದ್ದಾರೆ ಅಜ್ಜಿ, ಎಂದೆ. ಅವತ್ತು ರಾತ್ರಿ ಬೆಳಗಾವಿಗೆ ಬಂದು ಏಳನೆಯ ವಹಿಯ ಆ ಪುಟವನ್ನು ಇನ್ನೊಮ್ಮೆ ಸ್ಕ್ಯಾನರಿನ ಮೇಲೆ ಇಟ್ಟೆ.